ಗಡ್ಡ ಕೆತ್ತದ ಉಳಿ

"ಪಾಳೆಯಗಾರರ ಕಾಲದಲ್ಲಿ ಪರಧರ್ಮೀಯರೊಡನೆ ಕಾದಾಡಿ ಸ್ವರ್ಗ ಸೇರಿದ ವೀರ." ಹೊರಮಾವಿನ ಗುಡಿಯೊಂದರ ಮುಂದೆ, ಇಬ್ಬರು ಕಾದಾಡುವ ಚಿತ್ರ ಕೆತ್ತಿರುವ ವೀರಗಲ್ಲಿನ ಪಕ್ಕದ ಫಲಕ ಹೀಗೆ ಹೇಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ಕಲಿಸಿದವನು ಕಲಬುರಗಿ ಕಡೆಯಿಂದ ಬಂದು ನಮ್ಮ ಬೀದಿಯ ಬಾಡಿಗೆ ಕೋಣೆಯಲ್ಲಿದ್ದ ಕಲ್ಲುಕುಟಿಗ.

ಸವೆದು ನುಣುಪಾದ ಒರಳುಕಲ್ಲುಗಳನ್ನು ಉಳಿಯಿಂದ ಮತ್ತೆ ಒರಟು ಮಾಡಿಕೊಡುವುದು ಅವನ ಕೆಲಸ. ಮೊದಲು ಕಲ್ಲನ್ನು ತೋಯಿಸಿ, ಕಣ್ಣು ಮುಚ್ಚಿ, ಅಂಗೈಯಿಂದ ಸವರುತ್ತಿದ್ದ. ಅವಸರಪಡಿಸಿದವರಿಗೆ ಅವನದು ಒಂದೇ ಉತ್ತರ: "ಮೊದಲ ಕೈಯಾಡ್ಸಿ ನೋಡ್ರಿ."

ತೊಂಬತ್ತರ ದಶಕದ ಒಂದು ಬೆಳಿಗ್ಗೆ ಗುಡಿ ಸಮಿತಿಯ ಅಧ್ಯಕ್ಷರು ಅವನನ್ನು ಆ ವೀರಗಲ್ಲಿನ ಬಳಿಗೆ ಕರೆಸಿದರು. ನಾನೂ ಅಲ್ಲಿದ್ದೆ.

"ಎದುರಾಳಿ ಮುಖ ಸವೆದೋಗಿದೆ. ಒಂದು ಗಡ್ಡ ಕೆತ್ಬಿಡು, ಯಾರು ಅಂತ ಜನಕ್ಕೆ ಗೊತ್ತಾಗ್ಲಿ," ಎಂದರು.

ಅವನು ನೀರೆರೆದು ಸವರಿದ. ಕೈ ಎದುರಾಳಿಯ ಎದೆಯ ಮೇಲೆ ನಿಂತಿತು.

"ಇಬ್ಬರ ಕೊರಳಾಗೂ ಲಿಂಗದ ಕರಡಿಗಿ ಐತ್ರಿ. ಒಂದ ದೇವರನ್ನ ಕಟ್ಕೊಂಡು ಹೊಡದಾಡ್ಯಾರ. ಮನಿಯೊಳಗಿನ ಯುದ್ಧರೀ ಇದು."

"ಹಂಗಾದ್ರೆ ಅವನ ಕರಡಿಗೆ ಕಿತ್ತಾಕು."

"ನಾ ಉಳಿ ಹಚ್ಚಂಗಿಲ್ರಿ. ಗಡ್ಡ ಬೇಕಂದ್ರ ನೀವ ಬಿಟ್ಕೋರಿ."

ಅಂದಿನಿಂದ ನಮ್ಮ ಬೀದಿಯಲ್ಲಿ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ತಿಂಗಳೊಳಗೆ ಕೋಣೆಯನ್ನೂ ಬಿಡಿಸಿದರು.

ದಾಯಾದಿಗಳ ಕಾಳಗದಲ್ಲಿ ತಮ್ಮವರನ್ನೇ ಕೊಂದ ಜನ, ಆ ಸಂಕಟ ತಾಳಲಾರದೆ, ಕೊಂದವನಿಗೂ ಸತ್ತವನಿಗೂ ಒಂದೇ ದೇವರನ್ನು ಕೆತ್ತಿಸಿರಬೇಕು. ನಾವು ಅವರ ಪಶ್ಚಾತ್ತಾಪವನ್ನು ಕದ್ದು ಹಗೆಯಾಗಿ ಬಳಸಿದೆವು. ಬೇರೆ ಕುಟಿಗ ಸಿಗದೆ ಸಮಿತಿಯವರು ಕಲ್ಲಿಗೆ ಬಣ್ಣ ಬಳಿದು ಗಡ್ಡ ಬರೆಸಿದರು. ಬಣ್ಣದಡಿಯಲ್ಲಿ ಎರಡು ಕರಡಿಗೆಗಳೂ ಹಾಗೆಯೇ ಉಬ್ಬಿ ನಿಂತಿವೆ. ನನ್ನ ಮಾತು ನಂಬದವರು ಹೋಗಿ ಕೈಯಾಡಿಸಿ ನೋಡಲಿ.