ತಲೆಯ ಕಡೆಯ ತುಂಡು

ಗೋಡೆಯ ಮೇಲಿನ ಕ್ಯಾಲೆಂಡರು ತುಸು ವಾಲಿದ್ದರೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ಎದ್ದುಹೋಗಿ ನೆಟ್ಟಗೆ ಮಾಡಿ ಬಂದೇ ಉಣ್ಣುತ್ತಿದ್ದೆ. ಯಾಕೆ ಹೀಗೆ ಎಂದು ಇಂದಿಗೂ ತಿಳಿದಿಲ್ಲ. ನನ್ನ ಅಪ್ಪನಿಗೆ ಒಂದು ಚಪ್ಪಲಿ ಬಾಗಿಲಲ್ಲಿ, ಇನ್ನೊಂದು ಬೀದಿಯಲ್ಲಿ ಬಿದ್ದಿದ್ದರೂ ಕಾಣುತ್ತಿರಲಿಲ್ಲ. ಬಳ್ಳಾರಿಯಲ್ಲಿ ಹೈಸ್ಕೂಲು ಮುಗಿಸಿ ಕುರುಗೋಡಿನಲ್ಲಿ ಮಾಸ್ತರನಾದಾಗ, ಹುಡುಗರ ಪಾಟಿಗಳು ಒಂದೇ ಸಾಲಿಗೆ ಬರುವ ತನಕ ನಾನು ಪಾಠ ಶುರು ಮಾಡುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ನನ್ನ ಹೆಂಡತಿ ಸಿರುಗುಪ್ಪದ ತವರಿನಲ್ಲಿ ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಬಂದಳು. ಜೊತೆಗೆ ಮಗುವಿಗೆ ಹಾಸಲು ಅತ್ತೆ ಹೊಲಿದುಕೊಟ್ಟ ಕೌದಿ ಇತ್ತು. ಅತ್ತೆಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ. ಯಾರಾದರೂ ಸೂಜಿಗೆ ದಾರ ಪೋಣಿಸಿಕೊಟ್ಟರೆ ಬೆರಳಲ್ಲೇ ತಡವಿ ಹೊಲಿಯುತ್ತಿದ್ದರು. ಮನೆಯವರ ಹಳೆಯ ಸೀರೆ, ರುಮಾಲು, ಅಂಗಿಗಳ ತುಂಡುಗಳು, ಒಂದು ಅಂಗೈಯಷ್ಟು, ಇನ್ನೊಂದು ಮೊಳದುದ್ದ. ತಲೆಯ ಕಡೆ ಕೆಂಪು ತುಂಡೊಂದು ಓರೆಯಾಗಿ ಕೂತಿತ್ತು. ಮಗು ಮಲಗಿದ್ದಾಗ ನಾನು ಮಗುವನ್ನು ಬಿಟ್ಟು ಆ ಕೆಂಪನ್ನೇ ನೋಡುತ್ತಿದ್ದೆ.

ಬೇಸಿಗೆ ರಜೆಯಲ್ಲಿ ಹೆಂಡತಿ ಮಗುವಿನೊಂದಿಗೆ ತೆಕ್ಕಲಕೋಟೆಗೆ ಮದುವೆಗೆ ಹೋದಳು. ನಾನು ಬ್ಲೇಡು ತೆಗೆದುಕೊಂಡು ಕೂತು ಕೌದಿಯ ಹೊಲಿಗೆ ಬಿಚ್ಚಿದೆ. ಕೆಂಪನ್ನು ನೆಟ್ಟಗೆ ಮಾಡಿ ಬಿಟ್ಟರೆ ಸಾಕು ಎಂದುಕೊಂಡಿದ್ದೆ. ಆದರೆ ತುಂಡುಗಳನ್ನು ನೆಲದ ಮೇಲೆ ಹರಡಿದ ಮೇಲೆ ಕೈ ನಿಲ್ಲಲಿಲ್ಲ. ಹಸಿರಿನ ಪಕ್ಕ ಇಟ್ಟರೆ ಕೆಂಪು ಮುಂದೆ ಬರುತ್ತಿತ್ತು. ಕಂದು ಬಣ್ಣದ ಪಕ್ಕ ಇಟ್ಟರೆ ಹಿಂದೆ ಸರಿಯುತ್ತಿತ್ತು. ಬಟ್ಟೆ ಅದೇ, ಜಾಗ ಮಾತ್ರ ಬೇರೆ. ಅಷ್ಟಕ್ಕೇ ಬಣ್ಣ ಬದಲಾದಂತೆ ಕಾಣುವುದು ಹೇಗೆ? ಮೂರು ದಿನ ಅದನ್ನೇ ನೋಡುತ್ತ ಕಳೆದೆ. ಕೊನೆಗೆ ಅಂಚುಗಳನ್ನು ಕತ್ತರಿಸಿ ಎಲ್ಲವನ್ನೂ ಒಂದೇ ಅಳತೆಯ ಚೌಕ ಮಾಡಿದೆ. ದರ್ಜಿಯೊಬ್ಬ ಮಿಷನ್ನಿನಲ್ಲಿ ಜೋಡಿಸಿಕೊಟ್ಟ.

ಹೆಂಡತಿ ಬಂದು ನೋಡಿ ಒಂದೇ ಮಾತು ಕೇಳಿದಳು. "ಅವ್ವ ಬಂದ್ರ ಏನ್ ಹೇಳ್ತೀರಿ?"

ಮಗುವಿನ ಕಿವಿ ಚುಚ್ಚಿಸುವ ಹೊತ್ತಿಗೆ ಅತ್ತೆ ಬಂದರು. ಮೊಮ್ಮಗಳ ಪಕ್ಕ ಕೂತು ಕೌದಿಯ ಮೇಲೆ ಕೈಯಾಡಿಸಿದರು. ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ.

"ನಮ್ಮವ್ವ ತಲಿ ಕಡೆ ಇದ್ಲಲ್ಲರಿ ಅಳಿಯಾರ," ಅಂದರು. "ಎಲ್ಲಿ ಹೋದ್ಲು?"

ಅವರು ತಮ್ಮವರನ್ನೆಲ್ಲ ಜಾಗ ನೋಡಿ ಕೂರಿಸಿದ್ದರು ಎಂದು ನನಗೆ ಗೊತ್ತಾದದ್ದು ಆಗ. ಕೆಂಪು ತುಂಡು ಅವರ ತಾಯಿಯ ಸೀರೆ. ಓರೆಯಾಗಿದ್ದದ್ದು ಬೆರಳಿಗೆ ಸಿಗಲೆಂದು.

ಇಲಿ ಕಡಿದಿದ್ದವು, ದರ್ಜಿಯಿಂದ ಸರಿ ಮಾಡಿಸಿದೆ ಎಂದೆ. ಹೆಂಡತಿ ಒಳಗೆ ಎದ್ದುಹೋದಳು.

"ಹೋಗ್ಲಿ ಬಿಡ್ರಿ, ನೀವರ ನೋಡಿ ಸರಿ ಮಾಡಿಸಿದ್ರಿ," ಎಂದರು ಅತ್ತೆ. ಊರಿಗೆ ಹೋದ ಮೇಲೂ ಅಳಿಯ ಕೌದಿ ಉಳಿಸಿದ ಎಂದು ಎಲ್ಲರೆದುರು ಹೊಗಳಿದರಂತೆ.

ಕೌದಿಯ ಚೌಕಗಳ ಜೋಡಣೆಯನ್ನು ಕಾಗದದ ಮೇಲೆ ಬರೆದು, ಬಳ್ಳಾರಿಯಲ್ಲಿ ನೆಲಕ್ಕೆ ಹಾಸುವ ಸಿಮೆಂಟಿನ ಬಿಲ್ಲೆ ಮಾಡಿಸುವ ಸಾಹುಕಾರರೊಬ್ಬರಿಗೆ ತೋರಿಸಿದೆ. ಅವರು ಕಾಗದವನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಇಂಥವು ಇನ್ನೂ ಬರುತ್ತವೆಯೇ ಎಂದು ಕೇಳಿದರು. ಮಾಸ್ತರಿಕೆ ಬಿಟ್ಟು ಬಿಲ್ಲೆಗಳ ನಮೂನೆ ಬರೆಯತೊಡಗಿದೆ. ಎಷ್ಟೋ ಪಡಸಾಲೆಗಳಲ್ಲಿ ಜನ ನಡೆದಾಡಿದ್ದು ಅತ್ತೆಯ ಕೌದಿಯ ಮೇಲೆ. ನಡೆದವರಿಗೆ ಅದು ಗೊತ್ತಿರಲಿಲ್ಲ.

ಎರಡು ವರ್ಷದ ಮೇಲೆ ಕೌದಿಯ ತುಂಡುಗಳನ್ನು ಅವುಗಳ ಮೊದಲಿನ ಜಾಗದಲ್ಲಾದರೂ ಕೂರಿಸಬೇಕು ಅನ್ನಿಸಿತು. ಮತ್ತೆ ಬಿಚ್ಚಿ, ಯಾವ ತುಂಡು ಎಲ್ಲಿತ್ತು ಎಂದು ಹೆಂಡತಿಯನ್ನು ಕೇಳಿದೆ. ಅವಳಿಗೆ ಐದರ ಜಾಗ ನೆನಪಿತ್ತು. ಉಳಿದವು ಅತ್ತೆಗೆ ಮಾತ್ರ ಗೊತ್ತು. ಅವರನ್ನು ಕೇಳಬೇಕಾದರೆ ಇಲಿಯ ಮಾತು ಸುಳ್ಳು ಎಂದು ಮೊದಲು ಹೇಳಬೇಕಿತ್ತು.

ಅತ್ತೆ ಆಮೇಲೂ ಒಂದು ವರ್ಷ ಬದುಕಿದ್ದರು. ಸಿರುಗುಪ್ಪಕ್ಕೆ ದಿನಾ ಬಸ್ಸಿತ್ತು. ನಾನು ಹತ್ತಲಿಲ್ಲ.