ಗುರುಪುತ್ರಪ್ಪನ ಹೊಸ ಹಲ್ಲು, ಮೈಲಾರಲಿಂಗನ ಹಳೇ ಲಾರಿ

ಖಾಸಬಾಗದ ಮಿಸ್ತ್ರಿ ಗುರುಪುತ್ರಪ್ಪನ ಕಿವಿಗಳು ಒಂದು ಕಾಲದಲ್ಲಿ ಬೆಳಗಾವಿಯ ಲಾರಿ ಲೋಕವನ್ನು ಆಳಿದಂಥವು. ಖಾನಾಪುರದಿಂದ ಹೆಂಚು ಹೇರಿಕೊಂಡು ಬರುವ ಮೈಲಾರಲಿಂಗನ ಪೆಟ್ರೋಲ್ ಲಾರಿ ಓಣಿಯ ತಿರುವಿಗೆ ಬಂದರೆ ಸಾಕು, ಒಳಗೆ ಉಣ್ಣುತ್ತಿದ್ದ ಈತ ಕೈಯಲ್ಲಿ ತುತ್ತು ಹಿಡಿದೇ ಹೆಂಡತಿಗೆ ಹೇಳುತ್ತಿದ್ದ: "ಮೈಲಾರಿ ಬಂದ, ಚಾ ಇಡು. ಒಂದ ಪ್ಲಗ್ ಸಿಟ್ಟಿಗೆದ್ದೈತಿ." ನಿಂಗವ್ವ ಒಲೆ ಹಚ್ಚುವಷ್ಟರಲ್ಲಿ ಮೈಲಾರಲಿಂಗ ಹೊಸ್ತಿಲಲ್ಲಿ ನಿಂತು, "ಮಿಸ್ತ್ರಿ, ಲಾರಿ ಯಾಕೋ ಕುಂಟಾಕತ್ತೈತಿ" ಎನ್ನುತ್ತಿದ್ದ.

ಆ ಮೈಲಾರಲಿಂಗ ಈಗಿಲ್ಲ. ಅವನದೊಂದನ್ನು ಬಿಟ್ಟರೆ ಪೆಟ್ರೋಲ್ ಲಾರಿಗಳೂ ಇಲ್ಲ. ಗುರುಪುತ್ರಪ್ಪನ ಕಿವಿಗಳೂ ಸದ್ದಿಲ್ಲದೆ ಸಿಂಹಾಸನದಿಂದ ಇಳಿದಿದ್ದವು. ಈ ರಾಜರಹಸ್ಯ ಯಾರಿಗೂ ಗೊತ್ತಿಲ್ಲವೆಂದು ಅವನ ನಂಬಿಕೆ. ಮಗ್ಗುಲಲ್ಲೇ ಕುಕ್ಕರ್ ಸೀಟಿ ಹೊಡೆದರೂ ಪೇಪರಿನಿಂದ ತಲೆ ಎತ್ತದ ಗಂಡನನ್ನು ನಿಂಗವ್ವ ದಿನಾ ನೋಡುತ್ತಿದ್ದಳು, ಅಷ್ಟೆ.

ಹೀಗಿರುವಾಗ ಮೈಲಾರಲಿಂಗನ ಮಗಳು ಪ್ರಮಿಳಾ ಬಂದಳು. ಅಪ್ಪನ ಲಾರಿಯನ್ನು ಈಗ ಓಡಿಸುವವಳು ಅವಳೇ. ದನಿಯೂ ಲಾರಿಯಷ್ಟೇ ದೊಡ್ಡದು.

"ಕಾಕಾ, ಏರ ಬಂತಂದ್ರ ಉಸರ ಬಿಡತೈತಿ. ನಾಳಿ ಕಣಕುಂಬಿಗೆ ಹೆಂಚ ಒಯ್ಯೂದೈತಿ. ಆ ಏರ ಹತ್ತಿದ್ರ ಇಟ್ಕೋತೀನಿ. ಇಲ್ಲಂದ್ರ ಸಂಜೀಕ ಗುಜರಿಯವ ಬರತಾನ, ಮಾತಾಡೇನಿ."

"ಮೈಲಾರಿ ಲಾರಿ ಗುಜರಿಗೆ? ನಾ ಇನ್ನೂ ಜೀವಂತ ಅದೀನಿ!" ಎಂದು ಗುರುಪುತ್ರಪ್ಪ ಎದ್ದ ರಭಸಕ್ಕೆ, ವಾರದ ಹಿಂದಷ್ಟೇ ಕೂಡಿಸಿದ್ದ ಹೊಸ ಹಲ್ಲಿನ ಸೆಟ್ಟು ಬಾಯಿಂದ ಅರ್ಧ ಹೊರಬಂದು, ಸಭೆಯನ್ನೊಮ್ಮೆ ನೋಡಿ ಒಳಗೆ ಹೋಯಿತು.

ಮರುದಿನ ದಂಡು ಹೊರಟಿತು. ಪ್ರಮಿಳಾ ಸಾರಥಿ. ಪಕ್ಕದಲ್ಲಿ ರೊಟ್ಟಿ ಗಂಟು, ಚಹಾದ ಥರ್ಮಾಸು ಹಿಡಿದ ನಿಂಗವ್ವ. ಮಹಾರಥಿಯ ಕೈಯಲ್ಲಿ ಕಟ್ಟಿಗೆ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್. ಕಿವಿ ಕೈಕೊಟ್ಟ ಮೇಲೆ ಅವನು ಗುಟ್ಟಾಗಿ ಕಂಡುಕೊಂಡ ವಿದ್ಯೆ ಅದು: ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರೆ, ಸಪ್ಪಳ ದವಡೆಯ ಎಲುಬು ಹಿಡಿದು ನೇರ ತಲೆಗೆ ಏರುತ್ತದೆ.

ಕಣಕುಂಬಿ ದಾರಿಯ ಏರಿನ ಬುಡದಲ್ಲಿ ಗುರುಪುತ್ರಪ್ಪ ಬಾನೆಟ್ಟಿನ ಒಂದು ಮಗ್ಗುಲು ತೆರೆದು ಮಡ್‌ಗಾರ್ಡಿನ ಮೇಲೆ ಬೋರಲು ಮಲಗಿ ಸ್ಕ್ರೂಡ್ರೈವರಿನ ಹಿಡಿ ಕಚ್ಚಿದ.

"ಮನ್ಯಾಗ ಮಂಚಾ ಏರಾಕ ಮೊಣಕಾಲ ನೋವಂತಾರ," ಎಂದಳು ನಿಂಗವ್ವ. "ಇಲ್ನೋಡ, ಹಲ್ಲಿ ಹಂಗ ಅಂಟಕೊಂಡಾರ."

ಲಾರಿ ಹೊರಟಿತು. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಗೆ ಸರಿಯಾಗಿ ಹಾರಬೇಕು; ಮಿಸ್ತ್ರಿಗಳ ಬಾಯಲ್ಲಿ ಅದೇ ಟೈಮಿಂಗ್. ಬೇಗ ಹಾರಿದರೆ ಏರಿನಲ್ಲಿ ಕಟಕಟ ಬಡಿತ. ತಡವಾದರೆ ಬಲವಿಲ್ಲ, ರೇಡಿಯೇಟರ್ ಕುದಿತ, ಸೈಲೆನ್ಸರಿನಲ್ಲಿ ಢಂಕಾರ. ಇಲ್ಲಿ ರೇಡಿಯೇಟರ್ ಕುದಿಯುತ್ತಿತ್ತು, ಸೈಲೆನ್ಸರ್ ಗುಂಡು ಹಾರಿಸುತ್ತಿತ್ತು. ಕಿಡಿ ತಡವಾಗಿದೆಯೆಂದು ಲಾರಿ ಗಂಟಲು ಹರಿದು ಹೇಳುತ್ತಿತ್ತು. ಆದರೆ ಗುರುಪುತ್ರಪ್ಪನ ತಲೆಯೊಳಗೆ ಸ್ಪಷ್ಟವಾಗಿ ಕೇಳಿದ್ದು ಕಟಕಟ, ಕಟಕಟ. ಕಣ್ಣು ಮೋಸ ಹೋದೀತು, ಮಿಸ್ತ್ರಿಯ ಕಿವಿ ಹೋಗದು!

"ಕಿಡಿ ಅವಸರ ಮಾಡಾಕತ್ತೈತಿ!" ಎಂದು ತೀರ್ಪು ಕೊಟ್ಟು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿ ಕಿಡಿಯನ್ನು ಇನ್ನೂ ತಡ ಮಾಡಿದ. ಲಾರಿ ಇನ್ನಷ್ಟು ಸೊರಗಿತು. ಕಟಕಟ ನಿಲ್ಲಲಿಲ್ಲ. ಮತ್ತೆ ತಿರುಗಿಸಿದ. ಅರ್ಧ ಏರಿನಲ್ಲಿ ಲಾರಿ ದೊಡ್ಡದೊಂದು ಢಂ ಎಂದು ನಿಂತೇಬಿಟ್ಟಿತು.

ಪ್ರಮಿಳಾ ಇಳಿದು ಗಾಲಿಗೆ ಕಲ್ಲು ಕೊಟ್ಟಳು. "ಇರ್ಲಿ ಕಾಕಾ. ಅಪ್ಪನ ಕೂಡನ ಇದರ ಋಣಾನೂ ಹರದಿತ್ತು," ಎಂದು ತಗ್ಗಿದ ದನಿಯಲ್ಲಿ ಹೇಳಿ ಗುಜರಿಯವನ ನಂಬರ್ ಹುಡುಕತೊಡಗಿದಳು.

ಗುರುಪುತ್ರಪ್ಪನಿಗೆ ಅವಳ ಮಾತು ಕೇಳಲಿಲ್ಲ. ಮುಖ ಓದಿದ, ಅರ್ಥವಾಯಿತು. ಮೈಲಾರಿಯ ಮಗಳೆದುರು ತಲೆ ತಗ್ಗಿತು.

"ಉಂಡ ಮ್ಯಾಲ ಫೋನ್ ಹಚ್ಚವಾ," ಎಂದು ನಿಂಗವ್ವ ಇಬ್ಬರ ಕೈಗೂ ರೊಟ್ಟಿ ಕೊಟ್ಟಳು. ಸೆಟ್ಟು ಬಂದಾಗಿನಿಂದ ಅನ್ನ-ಸಾರಿನಲ್ಲೇ ಇದ್ದ ಗುರುಪುತ್ರಪ್ಪನಿಗೆ ಇದೇ ಮೊದಲ ಖಡಕ್ ರೊಟ್ಟಿ. ಕಚ್ಚಿದ.

ಕಟಕಟ.

ದವಡೆ ನಿಲ್ಲಿಸಿದ. ಸದ್ದಿಲ್ಲ. ಅಗಿದ. ಕಟಕಟ. ತಣ್ಣಗೆ ನಿಂತಿದ್ದ ಲಾರಿಯನ್ನು ನೋಡಿದ. ಇಂಜಿನ್ ಬಂದಾಗಿತ್ತು; ಬಡಿಯುತ್ತಿದ್ದುದು ಅವನ ಬಾಯಿ.

"ಏನಾತ್ರೀ?" ನಿಂಗವ್ವ ಕೈಸನ್ನೆ ಮಾಡಿದಳು.

"ಟೈಮಿಂಗ್ ನಂದ ಕೆಟ್ಟೈತಿ," ಎಂದು ಮಿಸ್ತ್ರಿ ಹಲ್ಲು ತಟ್ಟಿ ತೋರಿಸಿದ.

ನಿಂಗವ್ವ ಸೆರಗು ಬಾಯಿಗೊತ್ತಿ ನಕ್ಕಳು. "ತಗೀರಿ ಅವನ್ನ. ಕಿವಿ ಕೇಳಸೂದಿಲ್ಲಂತ ನನಗ ಗೊತ್ತಿಲ್ಲೇನು?" ಎಂದು ಗಂಡನ ಮುಖದ ಹತ್ತಿರವೇ ಜೋರಾಗಿ ಹೇಳಿ ಖಾಲಿ ಚಟ್ನಿ ಡಬ್ಬಿ ಒಡ್ಡಿದಳು. ಸೆಟ್ಟು ಡಬ್ಬಿಗೆ ಬಿತ್ತು. ಫೋನ್ ಪ್ರಮಿಳಾಳ ಕಿಸೆಗೆ ಮರಳಿತು.

ಲಾರಿಯನ್ನು ಹಿಂದಕ್ಕೆ ಬಿಟ್ಟು ಏರಿನ ಬುಡಕ್ಕೆ ತಂದರು. ಬೋಳು ವಸಡಿನಲ್ಲಿ ಹಿಡಿ ಕಚ್ಚಿಕೊಂಡು ಗುರುಪುತ್ರಪ್ಪ ಮತ್ತೆ ಮಡ್‌ಗಾರ್ಡ್ ಏರಿದ. ಈ ಸಲ ತಲೆಯೊಳಗೆ ಬಂದದ್ದು ಬರೀ ಇಂಜಿನ್. ಡಿಸ್ಟ್ರಿಬ್ಯೂಟರನ್ನು ಉಲ್ಟಾ ತಿರುಗಿಸುತ್ತ ಕಿಡಿಯನ್ನು ಬೇಗ ಮಾಡುತ್ತ ಹೋದ. ಏರು ಕಡಿದಾದಲ್ಲಿ, ದೂರದಲ್ಲೆಲ್ಲೋ ಬಳೆ ತಾಕಿದಂತೆ ನಿಜವಾದ ಕಟಕಟ ಒಮ್ಮೆ ಇಣುಕಿತು. ಎಳ್ಳಷ್ಟು ಹಿಂದಕ್ಕೆ ಸರಿಸಿ ಬಿಗಿದ.

ಸಪ್ಪಳ ಬದಲಾಯಿತು. ದುಂಡಗಿನ, ತುಂಬು ಹೊಟ್ಟೆಯ ಗುಂಯ್‌ಗುಡುವಿಕೆ. ಹೆಂಚಿನ ಧೂಳಲ್ಲಿ ಕೆಂಪಾದ ಮೈಲಾರಿಯ ಮೀಸೆ, ಹೊಸ್ತಿಲಲ್ಲಿ ಬಿಡುವ ಚಪ್ಪಲಿ, ತಟ್ಟೆಗೆ ಸುರಿದು ಊದುವ ಚಹಾ, ಎಲ್ಲವೂ ಆ ಕಟ್ಟಿಗೆಯ ಹಿಡಿಯೊಳಗಿಂದ ಏರಿ ಬಂದವು. ಲಾರಿ ಒಂದೇ ಉಸಿರಿಗೆ ನೆತ್ತಿ ಮುಟ್ಟಿತು.

"ಕಾಕಾ! ಗುಜರಿಯವಗ ಬರಬ್ಯಾಡಂತ ಹೇಳತೀನಿ!" ಎಂದು ಪ್ರಮಿಳಾ ಕಿಟಕಿಯಿಂದ ಕೂಗಿದಳು. ಗುರುಪುತ್ರಪ್ಪನಿಗೆ ಕೇಳಲಿಲ್ಲ. ಲಾರಿ ನಿಂತಲ್ಲೇ ಗುನುಗುತ್ತಿದ್ದರೂ ಅವನು ಇಳಿಯಲಿಲ್ಲ. ನಿಂಗವ್ವ ಡಬ್ಬಿ ಹಿಡಿದು ಬಂದು ಭುಜ ತಟ್ಟಿದಾಗಷ್ಟೇ ಬಾಯಿಂದ ಹಿಡಿ ತೆಗೆದ.

"ಮೈಲಾರಿ ಬಂದ," ಎಂದ ಬೊಚ್ಚು ಬಾಯಲ್ಲಿ. "ಚಾ ಇಡು."

ನಿಂಗವ್ವ ಡಬ್ಬಿಯನ್ನು ಸೆರಗಿನಡಿ ಸೇರಿಸಿ ಥರ್ಮಾಸಿನ ಮುಚ್ಚಳ ತಿರುಗಿಸಿದಳು. "ಚಾಕ್ಕ ಹಲ್ಲ ಬೇಕಾಗೂದಿಲ್ಲ. ಕುಡೀರಿ."