ನಿಮ್ಮಮ್ಮನಿಗೆ ಹೊಡೆಸಿದ ಸಂದೇಶ

ಪಾಪು, ಚಿನ್ನು, ನಿಮ್ಮಮ್ಮನ ಎಡಗಿವಿ ಜ್ವರದಿಂದ ಹೋಯಿತೆಂದು ನೀವು ನಂಬಿದ್ದೀರಿ. ಅದು ಹೊಡೆತದಿಂದ ಹೋದದ್ದು. ಎದುರು ಕೂತು ಹೇಳಲು ಈ ಅಜ್ಜಿಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಗೆ, ಹೊಲಿದದ್ದನ್ನು ಪರೀಕ್ಷಿಸುವ ಚೆಕ್ಕಿಂಗ್ ಕೆಲಸಕ್ಕೆ ಸೇರಿದೆ. ಗಾಜಿನ ಗೋಡೆಯಾಚೆ ಆಫೀಸಿನಲ್ಲಿ ನಿಮ್ಮಮ್ಮ. ವಿದೇಶದಿಂದ ಡಿಸೈನ್ ಬಂದ ಕೂಡಲೇ ಅದು ತಾನಾಗಿಯೇ, ಬಟ್ಟೆಗೆ ಅಚ್ಚು ಹಾಕುವ ಪಲ್ಲಡಂನ ಪ್ರಿಂಟಿಂಗ್‌ನವರ ಫೋನಿಗೆ ಹೋಗುವಂತೆ ಅವಳು ಕಂಪ್ಯೂಟರಿನಲ್ಲಿ ಏರ್ಪಾಡು ಮಾಡಿದ್ದಳು. ಹಾಗೆ ಮಾಡೆಂದವರು ಮಾಲೀಕರೇ.

ಆ ವರ್ಷ ನಮ್ಮ ಕಂಪನಿಯದೊಂದು ಡಿಸೈನ್ ಬೇರೆ ಕಂಪನಿಯಲ್ಲಿ ಕಾಣಿಸಿಕೊಂಡಿತು. ಮಾಲೀಕರ ತಮ್ಮ ಕಳ್ಳರನ್ನು ಹುಡುಕುತ್ತಾ ಬುಸುಗುಡುತ್ತಿದ್ದ. ಡಿಸೈನ್‌ಗಳು ಆಚೆ ಹೋಗದಂತೆ ಕಂಪ್ಯೂಟರಿಗೆ ಹೊಸ ಕಾವಲು ಹಾಕಿಸಿದ. ನಿಮ್ಮಮ್ಮನಿಗೆ ಯಾರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನ ಫೋನಿಗೆ ಸಂದೇಶ ಬಂತು: ನಿಯಮ ಉಲ್ಲಂಘನೆ, ಗೋಪ್ಯ ಮಾಹಿತಿ, ಕೆಳಗೆ ನಿಮ್ಮಮ್ಮನ ಹೆಸರು. ಬೇರೇನೂ ಇಲ್ಲ.

ಆ ಅಣ್ಣತಮ್ಮಂದಿರೂ ನಮ್ಮಂತೆ ಕನ್ನಡ ಮಾತಿನವರೇ. "ಯಾರಿಗ್ ಮಾರ್ದೆ, ತಿರುಡಿ?" ಎಂದು, ಕಳ್ಳಿ ಅನ್ನುವುದನ್ನು ಮಾತ್ರ ತಮಿಳಿನಲ್ಲಿ ಕೂಗುತ್ತಾ ತಮ್ಮ ಒಳಗೆ ನುಗ್ಗಿದ.

"ನಾ ಏನೂ ಮಾರಿಲ್ಲಣ್ಣಾ. ಅದು ದಿನಾ ತಾನಾ ಹೋಗ್ತದೆ."

"ತಾನಾ ಹೋಗ್ತದಾ? ಕಾಲ್ ಬಂತಾ ಅದ್ಕೆ?"

ಜಡೆ ಹಿಡಿದು ಅವಳ ಮುಖವನ್ನು ಮೇಜಿಗೆ ಬಡಿದ. ಎತ್ತಿ ಕಿವಿಯ ಮೇಲೆ ಬಾರಿಸಿದ, ಮತ್ತೆ ಅಲ್ಲಿಗೇ ಬಾರಿಸಿದ. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಹೊಲಿಗೆ ಯಂತ್ರಗಳು ನಿಂತವು. ಯಾರೂ ಏಳಲಿಲ್ಲ. ನಾನು ಓಡಿ ಅವನ ಮಣಿಕಟ್ಟಿಗೆ ಬಾಯಿ ಹಾಕಿದೆ.

"ಬಿಡು ಮುದುಕೀ!"

ಬಿಡಲಿಲ್ಲ. ಹೊಟ್ಟೆಗೆ ಒದ್ದ, ಕಬ್ಬಿಣದ ಮೇಜಿನ ಕಾಲಿಗೆ ಬಿದ್ದು ನನ್ನ ಮುಂದಿನ ಹಲ್ಲು ಮುರಿಯಿತು.

ಗದ್ದಲಕ್ಕೆ ಮಾಲೀಕರು ಬಂದು ತಮ್ಮನನ್ನು ಎಳೆದು ನಿಲ್ಲಿಸಿದರು, ಗಾಂಧಿಪುರಂನಿಂದ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿಯನ್ನು ಕರೆಸಿದರು. ಅವಳು ನೋಡಿ ತಮಿಳಿನಲ್ಲಿ ಹೇಳಿದಳು: ಡಿಸೈನ್ ಆಚೆ ಹೋಗಿಯೇ ಇಲ್ಲ, ಕಾವಲು ತಡೆದಿದೆ, ತಡೆದ ಮೇಲೇ ಈ ಸಂದೇಶ ಬರುವುದು.

"ಮತ್ತೆ ಅದ್ರಲ್ಲಿ ಹಂಗ್ ಯಾಕ ಹಾಕಿಲ್ಲ?" ಎಂದಳು ನಿಮ್ಮಮ್ಮ, ಕಿವಿಗೆ ಬನಿಯನ್ ತುಂಡು ಒತ್ತಿಕೊಂಡು.

ಮಾಲೀಕರು ಕೈ ಮುಗಿದರು. "ಪೊಲೀಸು ಬ್ಯಾಡಮ್ಮಾ. ಏನ್ ಬೇಕ್ ಕೇಳು."

"ಪೊಲೀಸ್ಗೂ ಹೋಗ್ತೀನಿ. ಮೊದ್ಲು ಈ ಸಂದೇಶ ಬದ್ಲಾಯ್ಸಿ. ನಾಳೆ ಇನ್ನೊಬ್ಳು ಕೂತ್ಕತಾಳೆ ಈ ಕುರ್ಚೀಲಿ."

ಆ ಕಂಪ್ಯೂಟರ್ ಹುಡುಗಿಯ ಪಕ್ಕದಲ್ಲೇ ಕೂತು ಸಂದೇಶವನ್ನು ತಮಿಳಿನಲ್ಲಿ ಹೊಸದಾಗಿ ಬರೆಸಿದಳು. ಏನು ತಡೆಯಲಾಯಿತು, ಎಲ್ಲಿಗೆ ಹೊರಟಿತ್ತು. ಯಾವುದೂ ಆಚೆ ಹೋಗಿಲ್ಲ. ಕಳುಹಿಸಿದ್ದು ಯಂತ್ರದ ಏರ್ಪಾಡು, ಇದರಿಂದ ಯಾರೂ ಕಳ್ಳರಾಗುವುದಿಲ್ಲ. ಅನುಮತಿ ಬೇಕಾದರೆ ಯಾರನ್ನು ಕೇಳಬೇಕು. ಬರೆದು ಮುಗಿದ ಮೇಲೆಯೇ ಆಸ್ಪತ್ರೆಗೆ, ಅಲ್ಲಿಂದ ಸ್ಟೇಷನ್ನಿಗೆ ಹೋದೆವು. ಕೇಸು ಇನ್ನೂ ನಡೆಯುತ್ತಿದೆ.

ಆಮೇಲೆ ಅಲ್ಲಿ ಇನ್ನೊಬ್ಬ ಹುಡುಗಿಯ ಹೆಸರಿನಲ್ಲೂ ಅಂಥ ತಡೆಯ ಸಂದೇಶ ಬಂತಂತೆ. ಮಾಲೀಕರ ತಮ್ಮ ಫೋನ್ ಹಿಡಿದುಕೊಂಡೇ ಅವಳ ಮೇಲೆ ಕೈ ಎತ್ತಿದನಂತೆ, ಕೊನೆಯವರೆಗೆ ಓದಿ ಫೋನನ್ನು ಗೋಡೆಗೆ ಬೀಸಿ ಒಡೆದನಂತೆ. ಹುಡುಗಿಗೆ ಏನೂ ಆಗಲಿಲ್ಲ.

ಜ್ವರವೆಂದು ನಿಮಗೆ ಹೇಳಿದವಳು ನಿಮ್ಮಮ್ಮನೇ, ಈ ಹಾಳೆ ಕಂಡರೆ ಹರಿದು ಒಲೆಗೆ ಹಾಕುತ್ತಾಳೆ. ನಿಮ್ಮ ಬಟ್ಟೆಯ ಅಡಿಯಲ್ಲಿ ಎಲ್ಲಾದರೂ ಭದ್ರವಾಗಿಡಿ, ಕಂದಗಳೇ.